ಸದಾತುರರಾದ ರಾಜಸೇವಕರು

೧

ಚರಕಸಂಹಿತೆಯ ಸಿದ್ಧಿಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅಗ್ನಿವೇಶನು ತನ್ನ ಗುರುವನ್ನು ಒಂದು ಪ್ರಶ್ನೆ ಕೇಳುತ್ತಾನೆ. ಲೋಕದಲ್ಲಿ ಯಾವಾಗಲೂ ರೋಗಪೀಡಿತರಾಗಿಯೇ ಇರತಕ್ಕವರು ಯಾರು, ಅವರಿಗೆ ಹಿತವಾದುದು ಯಾವುದು ಎಂಬುದೇ ಆ ಪ್ರಶ್ನೆ. ಗುರುವು ನಾಲ್ಕು ವರ್ಗದ ಜನರನ್ನು ಹೆಸರಿಸುತ್ತಾನೆ: ವೇದಾಧ್ಯಯನದಲ್ಲಿ ಮುಳುಗಿದ ಶ್ರೋತ್ರಿಯರು, ರಾಜಸೇವಕರು, ವೇಶ್ಯೆಯರು, ವ್ಯಾಪಾರದಿಂದ ಜೀವಿಸುವವರು. ಇವರಿಗೆ ಅಲ್ಲಿ ಸದಾತುರರೆಂದು ಹೆಸರು. ಒಬ್ಬೊಬ್ಬರ ರೋಗಕ್ಕೂ ಅವರವರ ವೃತ್ತಿಯೇ ಕಾರಣವೆಂದು ಆಚಾರ್ಯನು ಬಿಡಿಸಿ ಹೇಳುತ್ತಾನೆ. ರಾಜಸೇವಕನ ವಿಷಯದಲ್ಲಿ ಅವನು ಕೊಡುವ ಕಾರಣಗಳು ಇವು: ಒಡೆಯನ ಮನಸ್ಸನ್ನು ಕಾಯುತ್ತಿರಬೇಕಾದುದು, ಇತರರ ಇಷ್ಟವನ್ನು ಅನುಸರಿಸಬೇಕಾದುದು, ಬಹುವಾದ ಚಿಂತೆ, ಭಯ. ಇವುಗಳ ದೆಸೆಯಿಂದ ಅವನು ಹೊತ್ತಿಗೆ ಸರಿಯಾಗಿ ಉಣ್ಣಲಾರನು; ಮಲಮೂತ್ರಾದಿ ವೇಗಗಳನ್ನು ತಡೆದುಕೊಳ್ಳುತ್ತಾನೆ; ಅಕಾಲದಲ್ಲಿ ಓಡಾಡುತ್ತಾನೆ.

ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನ ಈ ಮಾತನ್ನು ಓದಿದಾಗ, ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಸರ್ಕಾರದ ಶಾಲೆಯಲ್ಲಿ ಪಾಠ ಹೇಳಿದ ಈ ಲೇಖಕನಿಗೆ ನಗುವೂ ಬಂದಿತು, ವಿಚಾರವೂ ಹುಟ್ಟಿತು. ಪಾಠಶಾಲೆಯಲ್ಲಿ ಓದಿದ್ದರಿಂದ ಶ್ರೋತ್ರಿಯವರ್ಗದ ಅಂಚಿಗೂ, ಸರ್ಕಾರದ ಸಂಬಳ ಉಂಡುದರಿಂದ ರಾಜಸೇವಕವರ್ಗಕ್ಕೂ ಸೇರಿದವನು ಎರಡು ಪಾಲು ಸದಾತುರನಾಗಬೇಕಷ್ಟೆ. ನಗುವು ಹಾಗಿರಲಿ. ವೃತ್ತಿಯಿಂದ ರೋಗ ಹುಟ್ಟುತ್ತದೆಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಕಂಡಿದ್ದ ನಾಡಿನಲ್ಲಿ, ರಾಜ್ಯವು ತನ್ನ ಸೇವಕರ ಗಾಯಗಳನ್ನೂ ರೋಗಗಳನ್ನೂ ಹೇಗೆ ನಡೆಸಿಕೊಂಡು ಬಂದಿತು? ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ, ಕಪಿಲೆಯ ದಡದ ನಂಜನಗೂಡಿನಲ್ಲಿಯೂ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿಯೂ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ನನಗೆ ತೋರಿದ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಊಳಿಗದಲ್ಲಿ ಒಮ್ಮೆಲೇ ಸತ್ತವನಿಗೆ ನಮ್ಮ ನಾಡು ಎಂದಿನಿಂದಲೂ ಕಲ್ಲು ನೆಟ್ಟಿದೆ, ಭೂಮಿ ಕೊಟ್ಟಿದೆ, ಈಗ ಹಣವನ್ನೂ ಕೊಡುತ್ತದೆ. ಅದೇ ಊಳಿಗದಲ್ಲಿ ಮೆಲ್ಲಮೆಲ್ಲನೆ ಸವೆದವನ ಲೆಕ್ಕವನ್ನು ಅದು ಬರೆದಿಟ್ಟುಕೊಂಡಿಲ್ಲ.

೨

ಮೊದಲು ಶಾಸ್ತ್ರವನ್ನು ನೋಡೋಣ. ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನನ್ನು ಕೇಳುವ ನೂರಾರು ರಾಜಧರ್ಮಪ್ರಶ್ನೆಗಳಲ್ಲಿ ಒಂದು, ನಿನಗಾಗಿ ಮೃತರಾದವರ ಮತ್ತು ಸಂಕಟಕ್ಕೆ ಸಿಕ್ಕಿದವರ ಹೆಂಡಿರನ್ನು ಪೋಷಿಸುತ್ತಿರುವೆಯಾ ಎಂಬುದು. ಕೌಟಿಲ್ಯನು ಇದನ್ನು ಪ್ರಶ್ನೆಯಾಗಿ ಬಿಡದೆ ಕಟ್ಟಳೆಯಾಗಿ ಮಾಡಿದನು. ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ರಾಜಭೃತ್ಯರಿಗೆ ೪೮,೦೦೦ ಪಣದಿಂದ ೬೦ ಪಣದವರೆಗೆ ಅಂತಸ್ತಿಗೆ ತಕ್ಕ ವೇತನವನ್ನು ನಿಗದಿ ಮಾಡಿದ ಅಧ್ಯಾಯದಲ್ಲಿಯೇ, ಕೆಲಸದಲ್ಲಿ ಸತ್ತವರ ಮಕ್ಕಳಿಗೂ ಪತ್ನಿಗೂ ಅನ್ನವೇತನಗಳು ಸಲ್ಲಬೇಕೆಂದೂ, ಅವರ ಮನೆಯ ಬಾಲಕರು, ವೃದ್ಧರು, ವ್ಯಾಧಿತರು ಅನುಗ್ರಹಕ್ಕೆ ಪಾತ್ರರೆಂದೂ ಹೇಳಿದೆ. ಈ ಗ್ರಂಥವನ್ನು ಲೋಕಕ್ಕೆ ಕೊಟ್ಟದ್ದು ಮೈಸೂರು ಎಂಬುದನ್ನು ಇಲ್ಲಿ ನೆನೆಯಬೇಕು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು, ಅವರು ೧೯೦೯ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು.

ಶಾಸ್ತ್ರದಿಂದ ಶಾಸನಕ್ಕೆ ಬರೋಣ. ಗಂಗರ ರಾಜಧಾನಿಯಾಗಿದ್ದ ತಲಕಾಡು ತಿ. ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ಗಂಗರ ಕಾಲದ ಕನ್ನಡ ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಮುಂದಿನ ಕಾಲದ ಶಾಸನಗಳಲ್ಲಿ ನೆತ್ತರುಗೊಡಗೆ, ರಕ್ತಗೊಡಗೆ ಎಂಬ ಮಾತುಗಳು ಕಾಣುತ್ತವೆ. ಒಡೆಯನ ಕೆಲಸದಲ್ಲಿ ರಕ್ತ ಸುರಿಸಿದವನ ಮನೆತನಕ್ಕೆ ಬಿಟ್ಟ ಭೂಮಿಯೇ ನೆತ್ತರುಗೊಡಗೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಸೇವೆಯಲ್ಲಿ ಮೃತನಾದ ನೌಕರನ ಕುಟುಂಬಕ್ಕೆ ಸರ್ಕಾರವು ಮಂಜೂರು ಮಾಡಿದ ಪರಿಹಾರ. ಇದೇ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗರಾಜ ನೀತಿಮಾರ್ಗನ ಮರಣದೃಶ್ಯವಿದೆ. ಮಂಚದಲ್ಲಿ ಅರಸನು ಪ್ರಾಣ ಬಿಡುತ್ತಿದ್ದಾನೆ. ಅಗರಯ್ಯನೆಂಬ ಸೇವಕನು ಹಿಂದೆ ಕುಳಿತು ಅವನನ್ನು ಆನಿಸಿಕೊಂಡಿದ್ದಾನೆ. ರಾಜನ ಮಗ್ಗುಲಲ್ಲಿ ಊಳಿಗದವನ ಹೆಸರೂ ರೂಪವೂ ಶಿಲೆಯಲ್ಲಿ ಉಳಿದಿರುವ ಅಪೂರ್ವ ನಿದರ್ಶನವಿದು.

ಈ ಕೃತಜ್ಞತೆ ಎಷ್ಟು ದೂರ ಹೋಗುತ್ತಿತ್ತೆಂಬುದಕ್ಕೆ ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಾಕ್ಷಿ. ಹತ್ತನೆಯ ಶತಮಾನದ ಆ ಶಾಸನದಲ್ಲಿ ಮಣಲೇರನೆಂಬ ವೀರನ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಥೆಯಿದೆ. ಆ ನಾಯಿಗೆ ಕಲ್ಲು ನೆಡಿಸಿ, ಕಲ್ಲಿನ ಪೂಜೆ ನಡೆಯುವಂತೆ ಭೂಮಿಯನ್ನೂ ಬಿಟ್ಟರು. ಕರ್ತವ್ಯದಲ್ಲಿ ಮಡಿದ ನಾಯಿಯನ್ನೂ ಮರೆಯದ ನಾಡು ನಮ್ಮದೆಂದು ಹೆಮ್ಮೆಪಡಬಹುದು. ಆದರೆ ಇಲ್ಲೊಂದು ಶಂಕೆ. ನಾನು ನೋಡಿದ ವೀರಗಲ್ಲುಗಳೆಲ್ಲವೂ ಕಾಳಗದಲ್ಲಿಯೋ, ತುರುಗೋಳಿನಲ್ಲಿಯೋ, ಹುಲಿಹಂದಿಗಳ ಬಾಯಲ್ಲಿಯೋ ಬಿದ್ದವರವು. ಕೆರೆಯ ಹೂಳಿನಲ್ಲಿ ನಿಂತು ಕಾಲು ಕೊಳೆತು ಸತ್ತವನಿಗೆ, ಅರಮನೆಯ ಓಲೆ ಬರೆದು ಕಣ್ಣು ಕಳೆದುಕೊಂಡ ಕರಣಿಕನಿಗೆ ಕಲ್ಲು ನೆಟ್ಟುದನ್ನು ನಾನು ಕಂಡಿಲ್ಲ. ಅಂಥವರು ಇರಲಿಲ್ಲವೆಂದು ಹೇಳುವಂತಿಲ್ಲ. ಅವರ ಮರಣದಲ್ಲಿ ಕೆತ್ತಬಹುದಾದ ದೃಶ್ಯವೊಂದು ಇರಲಿಲ್ಲ, ಅಷ್ಟೆ.

೩

ಮೈಸೂರು ಒಡೆಯರ ಕಾಲಕ್ಕೆ ಬಂದರೆ ಊಳಿಗದ ವಿಧಗಳು ಹೆಚ್ಚುತ್ತವೆ. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಏರ್ಪಡಿಸಿದ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರುವವರೆಗೆ ಸ್ವತಂತ್ರವಾಗಿ ನಡೆಯಿತು. ಗೆಜ್ಜೆ ಕಟ್ಟಿದ ಕೋಲು ಹಿಡಿದು, ಹೆಗಲಮೇಲೆ ಚೀಲ ಹೊತ್ತು ಓಡುವವನೇ ಅಂಚೆಯ ಹರಿಕಾರ. ನಂಜನಗೂಡಿನಿಂದ ತೆಂಕಣಕ್ಕೆ ನೀಲಗಿರಿಯ ಕಡೆಯ ದಾರಿ ಕಾಡಿನೊಳಗೆ ಹಾಯುತ್ತದೆ. ಗೆಜ್ಜೆಯ ಸದ್ದು ಮೃಗಗಳನ್ನು ಓಡಿಸೀತೆಂಬುದು ಒಂದು ನಂಬಿಕೆ. ಮಳೆಗಾಲದ ಹೊಳೆಯನ್ನು ಓಡಿಸುವ ಗೆಜ್ಜೆ ಯಾವುದೂ ಇರಲಿಲ್ಲ.

ಗ್ರಾಮದಲ್ಲಿ ತೋಟಿ, ತಳವಾರ, ನೀರುಗಂಟಿ ಎಂಬ ಊಳಿಗದವರಿದ್ದರು. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ನಾಲೆಯಂಥ ನೀರಾವರಿಯ ಸೀಮೆಯಲ್ಲಿ, ರಾತ್ರಿಯೆಲ್ಲ ತೂಬು ನೋಡುತ್ತ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆಯುವವನು ನೀರುಗಂಟಿ. ಹಾವು ಕಚ್ಚುವುದು ಅವನ ಕಸುಬಿನ ಅಪಾಯವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಇವರಿಗೆ ಸಂಬಳದ ಬದಲು ಇನಾಮು ಭೂಮಿಯೂ, ಸುಗ್ಗಿಯಲ್ಲಿ ಕಣದ ಧಾನ್ಯವೂ ಸಲ್ಲುತ್ತಿದ್ದವು. ಹೀಗಾಗಿ ಅವರು ಸರ್ಕಾರದ ಕೆಲಸದವರೂ ಹೌದು, ಪಟ್ಟಿಯಲ್ಲಿ ಇಲ್ಲದವರೂ ಹೌದು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ಆ ಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಆದರೆ ಕೆಲಸ ಮಾಡುವವನು ಒಳಗೆ, ಪಟ್ಟಿಯ ದೃಷ್ಟಿಯಿಂದ ಹೊರಗೆ ಎಂಬ ಸ್ಥಿತಿ ಅದರೊಡನೆ ಹೋಗಲಿಲ್ಲ. ದಿನಗೂಲಿಯ ಅರಣ್ಯ ಕಾವಲುಗಾರ, ಗುತ್ತಿಗೆಯ ಪೌರಕಾರ್ಮಿಕ, ಗೌರವಧನದ ಆಶಾ ಕಾರ್ಯಕರ್ತೆ, ಇವರೆಲ್ಲರೂ ಆ ನೀರುಗಂಟಿಯ ಉತ್ತರಾಧಿಕಾರಿಗಳೇ.

೧೮೯೧ನೆಯ ಇಸವಿಯು ನಮ್ಮ ವಿಷಯಕ್ಕೆ ಗಮನಾರ್ಹವಾದುದು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಪ್ರಾಚ್ಯ ಗ್ರಂಥಾಲಯ ಹುಟ್ಟಿದ ಆ ವರ್ಷದಲ್ಲಿಯೇ, ಸಂಸ್ಥಾನದ ನೌಕರರಿಗಾಗಿ ಸರ್ಕಾರವೇ ನಡೆಸುವ ಜೀವವಿಮೆ ಆರಂಭವಾಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲವಿದು. ಸೇವಕನ ಮರಣಾನಂತರ ಅವನ ಮನೆಯು ಬೀದಿಗೆ ಬೀಳಬಾರದೆಂಬ ನೆತ್ತರುಗೊಡಗೆಯ ತತ್ತ್ವವು ಇಲ್ಲಿ ಕಂತು ಕಟ್ಟಿದವನ ಹಕ್ಕಾಗಿ ಪರಿಣಮಿಸಿತು. ಮೈಸೂರಿನಿಂದ ನಂಜನಗೂಡಿಗೆ ರೈಲುಬಂಡಿ ಬಂದದ್ದೂ ಅದೇ ೧೮೯೧ರಲ್ಲಿ. ಹೀಗೆ ಹೊಸ ಅಭಯವೂ ಹೊಸ ಅಪಾಯವೂ ಜೊತೆಯಾಗಿಯೇ ಬಂದವೆನ್ನಬಹುದು.

೪

ಇನ್ನು ಒಂದೊಂದು ವೃತ್ತಿಯನ್ನು ಬೇರೆ ಬೇರೆಯಾಗಿ ನೋಡೋಣ.

ಕಪಿಲೆಗೆ ಹದಿನೆಂಟನೆಯ ಶತಮಾನದಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಬಹುಕಾಲ ರೈಲುಬಂಡಿಯೂ ಸಾಗುತ್ತಿತ್ತು. ಬಂಡಿಯಲ್ಲಿ ಕುಳಿತವರು ಸೇತುವೆಯ ಸೊಗಸನ್ನು ನೋಡಿದರು. ಹಳಿಯ ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತ ಗ್ಯಾಂಗ್‌ಮನ್ನನನ್ನು ನೋಡಿದವರು ಕಡಿಮೆ. ೨೦೧೨ರಲ್ಲಿ ಅನಿಲ ಕಾಕೋಡ್ಕರರ ಅಧ್ಯಕ್ಷತೆಯ ಸಮಿತಿಯು ಭಾರತೀಯ ರೈಲ್ವೆಯ ಸುರಕ್ಷತೆಯನ್ನು ಕುರಿತು ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ೨೦೦೭ರಿಂದ ೨೦೧೧ರವರೆಗಿನ ನಾಲ್ಕು ವರ್ಷಗಳಲ್ಲಿ ದೊಡ್ಡ ಅಪಘಾತಗಳಲ್ಲಿ ಸತ್ತವರು ಸುಮಾರು ೧,೦೦೦ ಮಂದಿ. ಅದೇ ಅವಧಿಯಲ್ಲಿ ಕೆಲಸ ಮಾಡುತ್ತಿರುವಾಗ ಸತ್ತ ರೈಲ್ವೆ ನೌಕರರು ಸುಮಾರು ೧,೬೦೦, ಗಾಯಗೊಂಡವರು ಸುಮಾರು ೮,೭೦೦. ರೈಲು ಉರುಳಿದರೆ ನಾಡೆಲ್ಲ ಮಾತನಾಡುತ್ತದೆ. ಒಬ್ಬೊಬ್ಬನಾಗಿ ಸತ್ತವರ ಮೊತ್ತವು ಅದಕ್ಕಿಂತ ಹೆಚ್ಚೆಂಬುದನ್ನು ಎಣಿಸಿದ ಮೇಲಷ್ಟೆ ತಿಳಿಯಬೇಕಾಯಿತು.

ತಿರುಮಕೂಡಲಿನಲ್ಲಿ ಕೂಡಿದ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ೧೯೦೨ರಲ್ಲಿ ಅಲ್ಲಿಂದ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದ ತಂತಿಯು ಆ ಕಾಲದ ಅದ್ಭುತಗಳಲ್ಲೊಂದು. ಆ ಅದ್ಭುತದ ಹಿಂದೆಯೇ ಹುಟ್ಟಿದ ಹೊಸ ವೃತ್ತಿ ಲೈನ್‌ಮನ್ನನದು. ಮುಂಗಾರಿನ ಗಾಳಿಗೆ ಮರ ಬಿದ್ದು ತಂತಿ ಹರಿದಾಗ ಊರು ಕತ್ತಲಲ್ಲಿ ಗೊಣಗುತ್ತದೆ. ಅವನು ಕಂಬ ಹತ್ತುತ್ತಾನೆ. ಕೇಂದ್ರದಲ್ಲಿ ವಿದ್ಯುತ್ತನ್ನು ನಿಲ್ಲಿಸಿ ಒಪ್ಪಿಗೆ ಕೊಡುವುದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು. ಆ ಒಂದು ಮಾತು ತಪ್ಪಿದರೆ, ಇಲ್ಲವೆ ಬೇರೆ ಮಾರ್ಗದಿಂದಲೋ ಯಾರದೋ ಮನೆಯ ಜನರೇಟರಿನಿಂದಲೋ ವಿದ್ಯುತ್ತು ಹಿಮ್ಮುಖವಾಗಿ ಹರಿದು ಬಂದರೆ, ಕೈಗವಸಿಲ್ಲದ ಕೈಗೆ ಎರಡನೆಯ ಅವಕಾಶವಿಲ್ಲ. ತಂತಿಯನ್ನು ಮೊದಲು ಭೂಮಿಗೆ ಜೋಡಿಸಿ ಆಮೇಲೆ ಮುಟ್ಟಬೇಕೆಂಬ ನಿಯಮವು ಈ ಅನುಭವದಿಂದ ಬಂದುದು. ನಿಯಮವನ್ನು ಬಲ್ಲವನೂ ಅವಸರಕ್ಕೆ ಸಿಕ್ಕಿ ಅದನ್ನು ಮೀರುತ್ತಾನೆ. ಆ ಅವಸರದಲ್ಲಿ ನಮ್ಮ ಗೊಣಗಾಟದ ಪಾಲೂ ಇದೆ.

ತಿ. ನರಸೀಪುರಕ್ಕೆ ವಿಶೇಷವಾದ ವೃತ್ತಿ ರೇಷ್ಮೆಯದು. ಮೈಸೂರಿನಲ್ಲಿ ೧೯೧೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯೂ, ತಿ. ನರಸೀಪುರದ ನೂಲು ಬಿಚ್ಚುವ ಕಾರ್ಖಾನೆಯೂ ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂದವು. ಗೂಡನ್ನು ಬೇಯಿಸಿ, ಬಿಸಿನೀರಿನಲ್ಲಿ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ರಾಟೆಗೆ ಕೊಡುವುದು ನೂಲು ಬಿಚ್ಚಾಣಿಕೆಯ ಕ್ರಮ. ಬಿಸಿನೀರು, ಗೂಡಿನ ಅಂಟು, ಒಳಗಿನ ಸತ್ತ ಹುಳುವಿನ ರಸ, ಇವುಗಳಲ್ಲಿ ದಿನವೆಲ್ಲ ನೆನೆದ ಕೈಯ ಚರ್ಮವು ಬಿಳುಚಿ ಮೆತ್ತಗಾಗುತ್ತದೆ, ಬೆರಳ ಸಂದುಗಳು ಸೀಳುತ್ತವೆ, ಹುಣ್ಣಾಗುತ್ತವೆ. ರೇಷ್ಮೆಯ ಸೂಕ್ಷ್ಮ ಅಂಶಗಳು ಹಬೆಯೊಡನೆ ಉಸಿರಿಗೆ ಸೇರಿ ಕೆಲವರಲ್ಲಿ ಉಬ್ಬಸವನ್ನು ಹುಟ್ಟಿಸುತ್ತವೆ. ಇದು ಯಾವುದೋ ಒಂದು ಕಾರ್ಖಾನೆಯ ದೋಷವಲ್ಲ, ಆ ಕಸುಬಿನ ಸ್ವಭಾವ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಫ್ರಾನ್ಸಿನ ಲಿಯೋನ್ ನಗರದ ವೈದ್ಯರು ಇದನ್ನು ಕಂಡು ಬಾಣಲೆಯ ರೋಗವೆಂಬ ಅರ್ಥದ ಹೆಸರನ್ನೇ ಕೊಟ್ಟಿದ್ದರು. ಮದುವೆಯ ಮನೆಯಲ್ಲಿ ಮೈಸೂರು ರೇಷ್ಮೆಯ ಸೀರೆಯ ನುಣುಪನ್ನು ಕೈಯಿಂದ ಸವರಿ ನೋಡುವ ನಾವು, ಆ ನುಣುಪಿಗೆ ಯಾವ ಕೈ ಒರಟಾಯಿತೆಂದು ಕೇಳುವುದಿಲ್ಲ.

ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡು ತೊಡಗುತ್ತದೆ. ಅರಣ್ಯ ಇಲಾಖೆಯವರ ಮರಣಗಳು ನಾಡಿಗೆ ತಿಳಿದಿವೆ. ೧೯೯೧ರ ನವೆಂಬರ್ ೧೦ರಂದು ವೀರಪ್ಪನ್ನನ ಕೈಯಿಂದ ಹತರಾದ ಪಿ. ಶ್ರೀನಿವಾಸರಿಗೆ ಕೀರ್ತಿಚಕ್ರವು ಮರಣೋತ್ತರವಾಗಿ ಸಂದಿತು. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದ ಕಾಳ್ಗಿಚ್ಚನ್ನು ಆರಿಸಲು ಹೋದ ಅರಣ್ಯರಕ್ಷಕರೊಬ್ಬರು ಅದರಲ್ಲಿಯೇ ಬೆಂದುಹೋದರು. ೨೦೧೮ರ ಮಾರ್ಚಿಯಲ್ಲಿ ನಾಗರಹೊಳೆಯಲ್ಲಿ ಹಿರಿಯ ಅರಣ್ಯಾಧಿಕಾರಿ ಎಸ್. ಮಣಿಕಂದನ್ನರನ್ನು ಆನೆಯು ಕೊಂದಿತು. ಪ್ರತಿವರ್ಷ ಸೆಪ್ಟೆಂಬರ್ ೧೧ರಂದು ಅರಣ್ಯ ಹುತಾತ್ಮರ ದಿನವನ್ನು ಆಚರಿಸುತ್ತಾರೆ, ಅದು ಯುಕ್ತವೇ. ಆದರೆ ಇದೇ ಬಂಡೀಪುರದಲ್ಲಿ ೨೦೧೨ರ ಕೊನೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಲ್ಲವರು ಕಡಿಮೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಇಲ್ಲಿಯೂ ತಲೆದೋರಿತು. ಸತ್ತ ಕೋತಿಗಳ ಕಳೇಬರಗಳನ್ನು ಎತ್ತಿ ಸುಟ್ಟ ಅರಣ್ಯದ ಕೆಲಸಗಾರರು, ಬುಡಕಟ್ಟಿನ ಜನ, ಆ ಜ್ವರಕ್ಕೆ ತುತ್ತಾದರು. ಕೋತಿಯ ಮೈಬಿಟ್ಟ ಉಣ್ಣಿಯು ಮನುಷ್ಯನನ್ನು ಕಚ್ಚಿ ರೋಗವನ್ನು ತಗುಲಿಸುವುದೇ ಇದರ ಕ್ರಮ. ಆನೆ ತುಳಿದರೆ ಹುತಾತ್ಮ. ಉಣ್ಣಿ ಕಚ್ಚಿದರೆ ಬರಿಯ ಜ್ವರದವನು. ಇಬ್ಬರನ್ನೂ ಕಾಡಿಗೆ ಕಳುಹಿಸಿದ ಕೆಲಸ ಮಾತ್ರ ಒಂದೇ.

ಪೌರಕಾರ್ಮಿಕರ ವಿಷಯ ಇನ್ನೂ ಕಠಿನವಾದುದು. ನಂಜನಗೂಡಿನ ದೊಡ್ಡ ಜಾತ್ರೆಗೂ, ೧೯೮೯ರಿಂದ ತಿರುಮಕೂಡಲಿನಲ್ಲಿ ನಡೆದುಬಂದಿರುವ ಕುಂಭಮೇಳಕ್ಕೂ ಲಕ್ಷಾಂತರ ಜನ ಸೇರುತ್ತಾರೆ. ಸ್ನಾನ ಮಾಡಿದವರು ಪುಣ್ಯವನ್ನು ಕಟ್ಟಿಕೊಂಡು ಹೋಗುತ್ತಾರೆ. ಉಳಿದುದನ್ನು ಬಾಚುವವರು ಬೇರೆ. ಲೋಕಕ್ಕಾಗಿ ನಂಜುಂಡವನನ್ನು ಗುಡಿಯೊಳಗೆ ಪೂಜಿಸುವ ಊರಿನಲ್ಲಿ, ಊರಿಗಾಗಿ ದಿನವೂ ನಂಜುಣ್ಣುವವರನ್ನು ಗುಡಿಯ ಹೊರಗೆ ನಿಲ್ಲಿಸಿದ್ದುದು ನಮ್ಮ ಚರಿತ್ರೆಯ ಕಳಂಕ. ೧೯೭೦ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಐ.ಪಿ.ಡಿ. ಸಾಲಪ್ಪನವರ ಸಮಿತಿಯು ೧೯೭೬ರ ವರದಿಯಲ್ಲಿ ೫೦೦ ಜನಕ್ಕೊಬ್ಬ ಕಾರ್ಮಿಕನಿರಬೇಕೆಂದು ಶಿಫಾರಸು ಮಾಡಿತು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯಿದೆಗಳು ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಬಂದವು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ವಿಧಿಸಿ, ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಗುಂಡಿಯೊಳಗೆ ವಿಷವಾಯುವಿನಿಂದ ಸತ್ತರೆ ಈಗ ಬೆಲೆಯುಂಟು. ಇಪ್ಪತ್ತು ವರ್ಷ ಧೂಳನ್ನೂ ಕೊಳೆತ ವಾಸನೆಯನ್ನೂ ಉಸಿರಾಡಿ ಕೆಮ್ಮುತ್ತ ಸತ್ತವನ ಮರಣವು ಯಾವ ಕಾಯಿದೆಯ ಕಣ್ಣಿಗೂ ಹಾಗೆ ನೇರವಾಗಿ ಬೀಳುವುದಿಲ್ಲ.

ಗುಮಾಸ್ತರದೂ ಉಪಾಧ್ಯಾಯರದೂ ಇದಕ್ಕೆ ಹೋಲಿಸಿದರೆ ಸುಖದ ಕೆಲಸವೆಂದು ಲೋಕ ಭಾವಿಸುತ್ತದೆ. ಬಹುಮಟ್ಟಿಗೆ ಅದು ಸರಿಯೂ ಹೌದು. ಆದರೂ ಕುರ್ಚಿಯಲ್ಲಿಯೇ ಸವೆದ ಬೆನ್ನು, ಸೀಮೆಸುಣ್ಣದ ಪುಡಿಯಲ್ಲಿ ಒಣಗಿದ ಗಂಟಲು, ದಿನವೆಲ್ಲ ನಿಂತು ಗಂಟುಗಟ್ಟಿದ ಕಾಲಿನ ನರಗಳು ನಮ್ಮ ವಾಚಕರ ಮನೆಗಳಲ್ಲಿ ಅಪರೂಪವಲ್ಲ. ಸರ್ಕಾರಿ ಬಸ್ಸಿನ ಚಾಲಕನಿಗೆ ಇವುಗಳೊಡನೆ, ಚರಕನು ಹೇಳಿದ ವೇಗಧಾರಣವೂ ಅಕಾಲಭೋಜನವೂ ನಿತ್ಯವಿಧಿಗಳೇ.

ಕೊನೆಯದಾಗಿ ವೈದ್ಯರು. ೧೮೯೮ರಲ್ಲಿ ಪ್ಲೇಗು ಸಂಸ್ಥಾನವನ್ನು ಹೊಕ್ಕಾಗ ಜನ ಊರು ಬಿಟ್ಟು ಓಡಿದರು; ಆ ಮನೆಗಳೊಳಗೆ ಹೋಗಬೇಕಾದವರು ಸರ್ಕಾರದ ಸೇವಕರು. ೨೦೨೦ರಲ್ಲಿ ಕೊರೊನಾ ಬಂದಾಗಲೂ ಹಾಗೆಯೇ ಆಯಿತು. ಆ ವರ್ಷದ ಮಾರ್ಚಿಯಲ್ಲಿ ನಂಜನಗೂಡು ರಾಜ್ಯಕ್ಕೆಲ್ಲ ಭಯದ ಹೆಸರಾಯಿತೆಂಬುದನ್ನು ನಾವಾರೂ ಮರೆತಿಲ್ಲ. ತಿಂಗಳುಗಟ್ಟಲೆ ಅದರೊಡನೆ ಹೆಣಗಿದ ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಆಗಸ್ಟ್ ೨೦ರಂದು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಕೆಲಸದ ಒತ್ತಡವೇ ಕಾರಣವೆಂದು ಸಹೋದ್ಯೋಗಿಗಳು ದೂರಿದರು, ವೈದ್ಯರು ಪ್ರತಿಭಟಿಸಿದರು, ಸರ್ಕಾರವು ವಿಚಾರಣೆಗೆ ಆಜ್ಞಾಪಿಸಿ ಕುಟುಂಬಕ್ಕೆ ಪರಿಹಾರವನ್ನು ಘೋಷಿಸಿತು. ಒಬ್ಬ ಮನುಷ್ಯನ ಅಂತರಂಗವನ್ನು ನಿರ್ಣಯಿಸುವ ಅಧಿಕಾರ ಈ ಲೇಖಕನಿಗಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ರಾಜಸೇವಕನ ರೋಗಕ್ಕೆ ಬಹುಚಿಂತೆ ಮತ್ತು ಭಯಗಳನ್ನು ಕಾರಣವಾಗಿ ಎಣಿಸಿದ ಆಚಾರ್ಯನು, ಮೂಳೆ ಮುರಿಯುವುದೊಂದೇ ಗಾಯವೆಂದು ತಿಳಿದಿರಲಿಲ್ಲ.

೫

ಈ ವೃತ್ತಿಗಳೆಲ್ಲದರ ಬಗೆಗೆ ಕಾನೂನು ಏನು ಮಾಡಿತು? ೧೯೨೩ರ ಕೆಲಸಗಾರರ ಪರಿಹಾರದ ಕಾಯಿದೆಯು ಭಾರತದಲ್ಲಿ ಮೊದಲ ದೊಡ್ಡ ಹೆಜ್ಜೆ. ಗಾಯಕ್ಕೆ ಮಾತ್ರವಲ್ಲದೆ ವೃತ್ತಿಜನ್ಯ ರೋಗಕ್ಕೂ ಪರಿಹಾರವುಂಟೆಂದು ಅದು ಒಪ್ಪಿತು. ಆದರೆ ಆರಂಭದಲ್ಲಿ ಅದರ ಪಟ್ಟಿಯಲ್ಲಿದ್ದ ರೋಗಗಳು ಬೆರಳಲ್ಲಿ ಎಣಿಸುವಷ್ಟೇ: ಸೀಸದ ವಿಷ, ರಂಜಕದ ವಿಷ, ಆಂಥ್ರಾಕ್ಸ್. ಗುಮಾಸ್ತೆಯ ಕೆಲಸದವರು ಅದರ ಹೊರಗಿದ್ದರು; ೨೦೦೯ರ ತಿದ್ದುಪಡಿಯಲ್ಲಿ ಕೆಲಸಗಾರನೆಂಬ ಮಾತು ನೌಕರನೆಂದು ಬದಲಾಗುವವರೆಗೂ ಈ ಭೇದವಿತ್ತು. ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ಆ ಕಾಯಿದೆಯ ಅಂಶಗಳು ಸೇರಿದವು. ಸೇವೆಯಲ್ಲಿದ್ದಾಗ ಮೃತನಾದ ರಾಜ್ಯ ಸರ್ಕಾರಿ ನೌಕರನ ಮನೆಯವರೊಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವುದಕ್ಕೆ ೧೯೯೬ರ ನಿಯಮಗಳಿವೆ. ಕೌಟಿಲ್ಯನ ಅನ್ನವೇತನದ ಮಾತಿಗೆ ಇದಕ್ಕಿಂತ ಹತ್ತಿರವಾದ ಆಧುನಿಕ ರೂಪ ಇನ್ನೊಂದಿಲ್ಲ. ಇವೆಲ್ಲವೂ ಸ್ತುತ್ಯವೇ. ಆದರೆ ಇವೆಲ್ಲವೂ ಆದಮೇಲಿನ ಮಾತು. ಆಗದಂತೆ ತಡೆಯಬೇಕಾದರೆ ಯಾವ ವೃತ್ತಿಯಲ್ಲಿ ಯಾವ ರೋಗ, ಎಷ್ಟು ಮಂದಿಗೆ ಎಂಬುದು ತಿಳಿದಿರಬೇಕು.

ಈ ತಿಳಿವಳಿಕೆಯ ಫಲವೇನೆಂಬುದಕ್ಕೆ ಹೊರಗಿನ ಮೂರು ನಿದರ್ಶನಗಳನ್ನು ಕೊಡುತ್ತೇನೆ. ಇಟಲಿಯ ವೈದ್ಯ ರಾಮಜ್ಜೀನಿಯು ೧೭೦೦ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದನು. ತನ್ನ ಮನೆಯ ಮಲಗುಂಡಿಯನ್ನು ಬಳಿಯುವವನು ಅವಸರಪಡುತ್ತಿದ್ದುದನ್ನು ಕಂಡು ಕಾರಣ ಕೇಳಿದಾಗ, ಆ ಕೆಲಸವು ಕಣ್ಣನ್ನು ಕೆಡಿಸುತ್ತದೆಂದು ತಿಳಿದದ್ದೇ ಅವನ ಗ್ರಂಥಕ್ಕೆ ಮೂಲವಾಯಿತು. ವೈದ್ಯನು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ, ನಿನ್ನ ಕಸುಬು ಯಾವುದು ಎಂಬುದನ್ನು ಸೇರಿಸಿದವನು ಅವನೇ. ಎರಡನೆಯದಾಗಿ, ೧೯೫೩ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯನು ಸಾರ್ವಜನಿಕ ಬಸ್ಸುಗಳ ನೌಕರರನ್ನು ವೃತ್ತಿಯಂತೆ ವಿಂಗಡಿಸಿ ಎಣಿಸಿದನು. ಕುಳಿತೇ ಇರುವ ಚಾಲಕರಿಗೆ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗಿಂತ ಹೃದ್ರೋಗ ಹೆಚ್ಚೆಂದು ಕಂಡಿತು. ಇಂದು ಲೋಕವೆಲ್ಲ ನಡೆಯಿರಿ, ನಡೆಯಿರಿ ಎನ್ನುತ್ತಿರುವುದಕ್ಕೆ ಮೊದಲ ಆಧಾರಗಳಲ್ಲಿ ಅದೊಂದು. ಮೂರನೆಯದಾಗಿ, ೧೯೬೭ರಲ್ಲಿ ಮೊದಲಾಗಿ ಬ್ರಿಟಿಷ್ ಸರ್ಕಾರದ ಕಚೇರಿಯ ನೌಕರರನ್ನು ಅಂತಸ್ತಿನಂತೆ ಎಣಿಸಿ ನೋಡಿದಾಗ, ಅತ್ಯಂತ ಕೆಳಗಿನ ಅಂತಸ್ತಿನವರಲ್ಲಿ ಹೃದ್ರೋಗದ ಮರಣವು ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚೆಂದು ತಿಳಿಯಿತು. ಅದುವರೆಗೆ ಹೃದ್ರೋಗವು ಹೊಣೆ ಹೊತ್ತ ದೊಡ್ಡ ಅಧಿಕಾರಿಗಳ ರೋಗವೆಂದು ಜನ ನಂಬಿದ್ದರು. ಎಣಿಸಿದುದರಿಂದ ನಂಬಿಕೆ ಸುಳ್ಳಾಯಿತು. ಎಣಿಸಲ್ಪಟ್ಟವರು ಸರ್ಕಾರದ ಮತ್ತು ಸಾರ್ವಜನಿಕ ಸಂಸ್ಥೆಯ ನೌಕರರೇ ಎಂಬುದನ್ನು ಗಮನಿಸಬೇಕು. ಅವರ ವಯಸ್ಸು, ಹುದ್ದೆ, ಸೇವೆಯ ಕಾಲ ಎಲ್ಲವೂ ಆಗಲೇ ಪುಸ್ತಕದಲ್ಲಿದ್ದವು.

ನಮ್ಮಲ್ಲಿಯೂ ಅವು ಪುಸ್ತಕದಲ್ಲಿವೆ. ಪ್ರತಿಯೊಬ್ಬ ಸರ್ಕಾರಿ ನೌಕರನಿಗೂ ಒಂದು ಸೇವಾಪುಸ್ತಕವುಂಟು. ಅವನು ಎಂದು ಸೇರಿದ, ಎಲ್ಲಿಗೆ ವರ್ಗವಾದ, ಎಷ್ಟು ದಿನ ರಜೆ ಪಡೆದ ಎಂಬುದು ಒಂದು ದಿನವೂ ತಪ್ಪದೆ ಅದರಲ್ಲಿ ದಾಖಲಾಗುತ್ತದೆ. ರಜೆ ಏಕೆ ಬೇಕಾಯಿತೆಂದು ವೈದ್ಯನು ಬರೆದ ಚೀಟಿಯು ಅರ್ಜಿಯೊಡನೆ ಕಡತಕ್ಕೆ ಸೇರಿ ಕಟ್ಟಿನಲ್ಲಿ ಮಲಗುತ್ತದೆ. ರಜೆಯ ಲೆಕ್ಕವಿದೆ, ರೋಗದ ಲೆಕ್ಕವಿಲ್ಲ. ಚೀಟಿಯಲ್ಲಿರುವುದನ್ನು ಹೆಸರಿಲ್ಲದೆ, ವೃತ್ತಿ, ವಯಸ್ಸು, ಸೇವೆಯ ವರ್ಷ, ಗಾಯ ಅಥವಾ ರೋಗ, ಕಳೆದ ದಿನಗಳು ಎಂಬ ಐದು ಅಂಕಣಗಳಲ್ಲಿ ಪ್ರತಿ ತಾಲ್ಲೂಕಿನ ಕಚೇರಿಯೂ ವರ್ಷಕ್ಕೊಮ್ಮೆ ಬರೆದಿಟ್ಟರೆ ಹೊಸ ವೆಚ್ಚವೇನೂ ಆಗದು. ಗುತ್ತಿಗೆಯವರನ್ನೂ ದಿನಗೂಲಿಯವರನ್ನೂ ಅದರಲ್ಲಿ ಸೇರಿಸಬೇಕು. ಇಲ್ಲವಾದರೆ ಹೆಚ್ಚು ಗಾಯಗೊಳ್ಳುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಹತ್ತು ವರ್ಷಗಳ ಪಟ್ಟಿಯನ್ನು ಕೂಡಿಸಿದರೆ ಲೈನ್‌ಮನ್ನನಿಗೆ ಕೈಗವಸು ಬೇಕೆ, ಬಿಚ್ಚಾಣಿಕೆಯವಳಿಗೆ ಕೆಲಸದ ಪಾಳಿ ಬದಲಾಗಬೇಕೆ, ಕಾಡಿನ ಕಾವಲುಗಾರನಿಗೆ ಯಾವ ತಿಂಗಳಲ್ಲಿ ಉಣ್ಣಿಯ ಎಚ್ಚರಿಕೆ ಬೇಕೆ ಎಂಬುದು ಚರ್ಚೆಯಿಲ್ಲದೆ ತಿಳಿಯುತ್ತದೆ.

ಸರ್ಕಾರವು ಇದನ್ನು ಮಾಡುವವರೆಗೆ ಸುಮ್ಮನಿರಬೇಕೆಂದಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನಿವೃತ್ತ ನೌಕರರಿಲ್ಲದ ಮನೆ ವಿರಳ. ಉಪಾಧ್ಯಾಯರು, ಅಮಲ್ದಾರರ ಕಚೇರಿಯ ಗುಮಾಸ್ತರು, ನಾಲೆಯ ಮೇಸ್ತ್ರಿಗಳು, ದಾದಿಯರು, ರೈಲಿನವರು, ಎಲ್ಲರೂ ಇದ್ದಾರೆ. ಮನೆಯ ಮಕ್ಕಳು ಅವರನ್ನು ರಾಮಜ್ಜೀನಿಯ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಲಿ: ಯಾವ ಕೆಲಸ ಮಾಡಿದಿರಿ, ಆ ಕೆಲಸ ನಿಮ್ಮ ಮೈಯಲ್ಲಿ ಏನನ್ನು ಬಿಟ್ಟುಹೋಯಿತು? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಸಂಘಕ್ಕೆ ಕಳುಹಿಸಿದರೆ, ಎರಡು ತಾಲ್ಲೂಕುಗಳ ಸದಾತುರರ ಮೊದಲ ಪಟ್ಟಿಯನ್ನು ನಾವೇ ಸಿದ್ಧಪಡಿಸಬಹುದು. ಶಾಸನಗಳನ್ನು ಹುಡುಕಿ ಪ್ರತಿ ತೆಗೆಯುವುದು ಸಂಘದ ಕೆಲಸವಾದರೆ, ಇನ್ನೂ ಕಲ್ಲಿಗೆ ಏರದ ಈ ಬರವಣಿಗೆಯನ್ನು ಉಳಿಸುವುದೂ ಅದರ ಕೆಲಸವೇ.